ಮಳೆ ಬಂದಾಗ, ಬಂದರೆ, ಬಂದರೂ: ಮಕ್ಕಳ ಬರವಣಿಗೆಯಲ್ಲಿ ಉಪವಾಕ್ಯವನ್ನು ಮುಂದಿಡಿಸುವುದು ಹೇಗೆ

ಏಳನೆಯ ತರಗತಿಯ ನೋಟ್‌ಬುಕ್ಕಿನಲ್ಲಿ ಕಾಣುವಂಥ ಪ್ಯಾರಾ ಇದು:

"ನಾವು ಕಣದಲ್ಲಿ ಕಾಫಿ ಹರಡಿದೆವು. ಮಧ್ಯಾಹ್ನ ಮೋಡ ಕವಿಯಿತು. ಅಪ್ಪ ಟಾರ್ಪಾಲು ತಂದರು. ನಾವು ಕಾಫಿಯನ್ನು ರಾಶಿ ಮಾಡಿದೆವು. ನಾವು ಟಾರ್ಪಾಲು ಹೊದಿಸಿದೆವು. ಆಮೇಲೆ ಮಳೆ ಬಂತು. ಕಾಫಿ ನೆನೆಯಲಿಲ್ಲ."

ಕಾಗುಣಿತದ ತಪ್ಪಿಲ್ಲ, ವ್ಯಾಕರಣದ ತಪ್ಪಿಲ್ಲ. ಆದರೂ ಓದುವಾಗ ಕಲ್ಲುಹಾದಿಯ ಜೀಪಿನಲ್ಲಿ ಕೂತಂತೆ ಕುಲುಕುತ್ತದೆ. ಇದನ್ನು ಬರೆದ ಹುಡುಗಿಯನ್ನೇ ಕರೆದು "ಏನಾಯ್ತಮ್ಮ ಅವತ್ತು?" ಎಂದು ಕೇಳಿ. "ಮೋಡ ಕಟ್ಟಿದ ಕೂಡ್ಲೆ ಅಪ್ಪ ಟಾರ್ಪಾಲ್ ತಂದ್ರು ಮಿಸ್, ಮಳೆ ಬರೋಷ್ಟ್ರಲ್ಲಿ ಎಲ್ಲಾ ರಾಶಿ ಮಾಡಿ ಮುಚ್ಚಿದ್ವಿ" ಅನ್ನುತ್ತಾಳೆ. ಬಾಯಲ್ಲಿದ್ದ "ಕೂಡ್ಲೆ", "ಅಷ್ಟ್ರಲ್ಲಿ" ಎರಡೂ ಪೆನ್ನು ಹಿಡಿದ ಕೂಡಲೇ ಮಾಯ.

ಆದ್ದರಿಂದ ಇಲ್ಲಿ ಹೊಸದಾಗಿ ಕಲಿಸುವುದು ಕಡಿಮೆ, ಬಾಯಲ್ಲಿರುವುದನ್ನು ಕಾಗದಕ್ಕೆ ಇಳಿಸುವುದು ಹೆಚ್ಚು. ಕೊಡಗಿನ ತರಗತಿಯಲ್ಲಿ ಮನೆಮಾತು ಒಂದೇ ಇರುವುದಿಲ್ಲ. ಕೊಡವ ತಕ್ಕ್, ಅರೆಭಾಷೆ, ತುಳು, ಮಲಯಾಳಂ ಆಡುವ ಮಕ್ಕಳು ಒಂದೇ ಬೆಂಚಿನಲ್ಲಿ ಕೂತಿರುತ್ತಾರೆ. ಆದರೆ ಇವೆಲ್ಲ ದ್ರಾವಿಡ ನುಡಿಗಳು, ಎಲ್ಲದರಲ್ಲೂ ಮುಖ್ಯ ಕ್ರಿಯಾಪದ ಸಾಮಾನ್ಯವಾಗಿ ವಾಕ್ಯದ ಕೊನೆಗೆ ಬರುತ್ತದೆ. ಅದಕ್ಕೆ ಅಧೀನವಾದದ್ದೆಲ್ಲ ಮುಂದೆ ಕೂರುತ್ತದೆ. ಅಂದರೆ ಈ ಜೋಡಣೆ ಯಾವ ಮಗುವಿಗೂ ಪರಕೀಯವಲ್ಲ.

ಮುಂದೆ ಏನನ್ನು ಇಡಬೇಕು

ವ್ಯಾಕರಣ ಪಾಠದಲ್ಲಿ ಸಾಮಾನ್ಯ, ಸಂಯೋಜಿತ, ಮಿಶ್ರ ಎಂದು ಮೂರು ಬಗೆಯ ವಾಕ್ಯ ಹೇಳಿಕೊಡುತ್ತಾರೆ. ನಮಗೆ ಬೇಕಾದ್ದು ಮಿಶ್ರ ವಾಕ್ಯ: ಒಂದು ಪ್ರಧಾನ ವಾಕ್ಯ, ಅದಕ್ಕೆ ಅಧೀನವಾದ ಒಂದೋ ಎರಡೋ ಉಪವಾಕ್ಯ. "ಬಂದು", "ಮಾಡಿ" ಮುಂತಾದ ಕೃದಂತಾವ್ಯಯಗಳನ್ನು ಉಪವಾಕ್ಯವೆಂದು ಎಣಿಸಬೇಕೋ ಬೇಡವೋ ಎಂಬ ಚರ್ಚೆ ಪರೀಕ್ಷೆಗಿರಲಿ. ಬರವಣಿಗೆಯಲ್ಲಿ ಅವೂ ಅದೇ ಕೆಲಸ ಮಾಡುತ್ತವೆ, ಹೆಚ್ಚಿನ ತಪ್ಪೂ ಅಲ್ಲೇ ಆಗುತ್ತದೆ.

ಮಕ್ಕಳಿಗೆ ಹೆಸರುಗಳಿಗಿಂತ ಒಂದು ಸೂತ್ರ ಸಾಕು: ಓದುವವರಿಗೆ ಆಗಲೇ ಗೊತ್ತಿರುವುದು ಮುಂದೆ, ಹೊಸ ಸುದ್ದಿ ಕೊನೆಗೆ. ಇದು ಯಾಕೆ ಬೇಕೆಂದು ತೋರಿಸಲು ಈ ಎರಡನ್ನು ಬೋರ್ಡಿನ ಮೇಲೆ ಬರೆಯಿರಿ:

"ಕೆ.ಎಂ. ಕಾರ್ಯಪ್ಪನವರು 1949ರ ಜನವರಿ 15ರಂದು ಭಾರತೀಯ ಸೇನೆಯ ಮುಖ್ಯಸ್ಥರಾದುದರಿಂದ ಆ ದಿನವನ್ನು ಸೇನಾ ದಿನವಾಗಿ ಆಚರಿಸುತ್ತಾರೆ."

"ಜನವರಿ 15ನ್ನು ಸೇನಾ ದಿನವಾಗಿ ಆಚರಿಸುವುದು, 1949ರಲ್ಲಿ ಆ ದಿನ ಕೆ.ಎಂ. ಕಾರ್ಯಪ್ಪನವರು ಸೇನೆಯ ಮುಖ್ಯಸ್ಥರಾದುದರಿಂದ."

ಎರಡೂ ಸರಿ. ಕಾರ್ಯಪ್ಪನವರ ಬಗ್ಗೆ ಪ್ರಬಂಧ ಬರೆಯುತ್ತಿದ್ದರೆ ಮೊದಲನೆಯದು ಹೊಂದುತ್ತದೆ: ಅವರ ವಿಷಯ ಮಾತಾಡುತ್ತಲೇ ಇದ್ದೇವೆ, ಸೇನಾ ದಿನ ಎಂಬುದು ಹೊಸ ಸುದ್ದಿ. ಶಾಲೆಯ ಸೇನಾ ದಿನಾಚರಣೆಯ ವರದಿಯಾದರೆ ಎರಡನೆಯದು. ದಿನ ಗೊತ್ತು, ಕಾರಣ ಹೊಸದು. ಯಾವುದು "ಚೆಂದ" ಎಂದು ಮಕ್ಕಳನ್ನು ಕೇಳಬೇಡಿ, ಹಿಂದಿನ ವಾಕ್ಯ ಯಾವುದಿತ್ತು ಎಂದು ಕೇಳಿ.

ಆರು ಬಾಗಿಲು

ಉಪವಾಕ್ಯವನ್ನು ಮುಂದಿಡಲು ಶಾಲೆಯ ಮಟ್ಟದಲ್ಲಿ ಆರು ದಾರಿ ಸಾಕು. ಎಲ್ಲವನ್ನೂ ಒಂದೇ ದಿನ ಹೇಳಿದರೆ ಯಾವುದೂ ಉಳಿಯುವುದಿಲ್ಲ. ದಿನಕ್ಕೊಂದರಂತೆ ಆರು ಪಿರಿಯಡ್ ತೆಗೆದುಕೊಳ್ಳಿ.

ಕಾಲದ್ದು ಮೊದಲು, ಯಾಕೆಂದರೆ ಅತಿ ಹೆಚ್ಚು ಬಳಕೆಯಾಗುವುದೂ ಅದೇ, ಕಾಲರೂಪ ಕೆಡುವುದೂ ಅಲ್ಲೇ. "ಮೇಲೆ", "ಕೂಡಲೇ", "ನಂತರ" ಇವುಗಳ ಹಿಂದೆ ಭೂತಕಾಲದ ರೂಪ: ಹೋದ ಮೇಲೆ, ಬಂದ ಕೂಡಲೇ. "ಮೊದಲು", "ಮುನ್ನ", "ಹೊತ್ತಿಗೆ" ಇವುಗಳ ಹಿಂದೆ ಸಾಮಾನ್ಯವಾಗಿ "-ವ" ರೂಪ: ಹೋಗುವ ಮೊದಲು, ಬರುವ ಹೊತ್ತಿಗೆ. ನಡೆದುಹೋದ ಸಂಗತಿ ಹೇಳುತ್ತಿದ್ದೇವಲ್ಲ ಎಂದು ಮಕ್ಕಳು "ಬಸ್ಸು ಬಂದ ಮೊದಲು ನಾವು ನಿಂತಿದ್ದೆವು" ಎಂದು ಬರೆಯುತ್ತಾರೆ. ಅವರ ತರ್ಕ ತಪ್ಪಲ್ಲ, ಕನ್ನಡದ ತರ್ಕ ಬೇರೆ. ನಾವು ನಿಂತಿದ್ದ ಹೊತ್ತಿನಲ್ಲಿ ಬಸ್ಸು ಇನ್ನೂ ಬಂದಿರಲಿಲ್ಲ, ಆದ್ದರಿಂದ "ಬರುವ ಮೊದಲು". ಚರಿತ್ರೆಯ ಪಾಠದಿಂದಲೂ ಒಂದು ವಾಕ್ಯ ತೆಗೆದುಕೊಳ್ಳಬಹುದು: "1956ರ ನವೆಂಬರ್ 1ರಂದು ಮೈಸೂರು ರಾಜ್ಯಕ್ಕೆ ಸೇರುವ ಮೊದಲು ಕೊಡಗು ಪ್ರತ್ಯೇಕ ರಾಜ್ಯವಾಗಿತ್ತು." ಇಷ್ಟು ಹಳೆಯ ಸಂಗತಿಗೂ "ಸೇರುವ" ಎಂದೇ ಬರೆಯಬೇಕು.

"ಆಗ" ಎರಡೂ ರೂಪಕ್ಕೆ ಹತ್ತುತ್ತದೆ, ಅರ್ಥ ಬದಲಾಗುತ್ತದೆ. "ತಲಕಾವೇರಿಗೆ ಹೋಗುವಾಗ ಮಂಜು ಕವಿದಿತ್ತು" ಅಂದರೆ ಭಾಗಮಂಡಲ ದಾಟಿ ಬೆಟ್ಟ ಹತ್ತುವ ರಸ್ತೆಯಲ್ಲಿ ಮಂಜು. "ತಲಕಾವೇರಿಗೆ ಹೋದಾಗ ಮಂಜು ಕವಿದಿತ್ತು" ಅಂದರೆ ಬೆಟ್ಟದ ಮೇಲೆ ತಲುಪಿದಾಗ, ಕಾವೇರಿ ಹುಟ್ಟುವ ಕುಂಡಿಕೆಯ ಹತ್ತಿರ ಮಂಜು. ಇದೊಂದು ಜೋಡಿಗೆ ಹತ್ತು ನಿಮಿಷ ಕೊಡಿ. ಸಂತೆಗೆ ಹೋಗುವಾಗ ಮತ್ತು ಹೋದಾಗ, ಕಾಫಿ ಕುಯ್ಯುವಾಗ ಮತ್ತು ಕುಯ್ದಾಗ ಎಂದು ಮಕ್ಕಳಿಂದಲೇ ಜೋಡಿ ಕಟ್ಟಿಸಿ, ಎಲ್ಲಿ ನಿಂತು ಹೇಳುತ್ತಿದ್ದೀಯ ಎಂದು ಕೇಳಿ.

ಎರಡನೆಯದು ಕಾರಣ: ಬಂದುದರಿಂದ, ಬಂದಿದ್ದರಿಂದ, ಬಂದ ಕಾರಣ. ನಿಷೇಧ ಬಂದಾಗ ಮಕ್ಕಳು "ಬಸ್ಸು ಬಂದಿಲ್ಲದರಿಂದ" ಎಂಬ ಹೊಸ ಪದವನ್ನೇ ಹುಟ್ಟಿಸುತ್ತಾರೆ. ಸರಿಯಾದ್ದು "ಬಾರದ್ದರಿಂದ" ಅಥವಾ "ಬರದಿದ್ದುದರಿಂದ". ನಾಲಿಗೆ ತೊಡರಿದರೆ "ಬಾರದ ಕಾರಣ" ಎಂದು ಬರೆಸಿ, ಸುಲಭ.

ಮೂರನೆಯದು ಷರತ್ತು, ನಾಲ್ಕನೆಯದು ಅದರ ತದ್ವಿರುದ್ಧ: ಬಂದರೆ, ಬಂದರೂ. ಇಲ್ಲಿ ಇಡೀ ಅರ್ಥ ಒಂದು ದೀರ್ಘದ ಮೇಲೆ ನಿಂತಿದೆ. "ಮಾವ ಮನೆಗೆ ಬಂದರು ಊಟ ಮಾಡಲಿಲ್ಲ" ಎಂಬಲ್ಲಿ ಕೊಂಬಿನ ದೀರ್ಘ ಬಿಟ್ಟುಹೋದರೆ ಎರಡು ಬಿಡಿ ವಾಕ್ಯ ಅಂಟಿಕೊಂಡಂತೆ ಕಾಣುತ್ತದೆ. "ಬಂದರೂ" ಆದಾಗ ಮಾತ್ರ ಮಾವನಿಗೆ ಸಿಟ್ಟು ಬಂದಿತ್ತೇನೋ ಎಂಬ ಧ್ವನಿ ಹೊರಡುತ್ತದೆ. ತಿದ್ದುವಾಗ ಇದನ್ನು ಕಾಗುಣಿತದ ತಪ್ಪೆಂದು ಗುರುತು ಹಾಕಬೇಡಿ, ವಾಕ್ಯದ ತಪ್ಪೆಂದು ಹಾಕಿ.

ಐದನೆಯದು ಉದ್ದೇಶ: "ಹಾಡಿಯ ಮಕ್ಕಳನ್ನು ಶಾಲೆಗೆ ಕರೆತರಲು ಒಂದು ಜೀಪು ಗೊತ್ತುಮಾಡಿದರು." ಇದರಲ್ಲಿ ತಪ್ಪು ಕಡಿಮೆ, ಬೇಗ ಮುಂದಕ್ಕೆ ಹೋಗಬಹುದು.

ಆರನೆಯದು ಕೃದಂತಾವ್ಯಯ: ಬಂದು, ಮಾಡಿ, ಹೋಗಿ, ನೋಡುತ್ತಾ, ಹೇಳದೆ. ಇದಕ್ಕೆ ಒಂದು ಪಿರಿಯಡ್ ಸಾಲದು.

"ಇಳಿದು ಮಳೆ ಬಂತು"

"ಬಸ್ಸಿನಿಂದ ಇಳಿದು ಜೋರಾಗಿ ಮಳೆ ಬಂತು." ಇದನ್ನು ಬೋರ್ಡಿಗೆ ಬರೆದು, ಬಸ್ಸಿನಿಂದ ಇಳಿದದ್ದು ಯಾರು ಎಂದು ಕೇಳಿ. ಮಳೆ! ಮಕ್ಕಳು ನಗುತ್ತಾರೆ, ನಕ್ಕ ಮೇಲೆ ಮರೆಯುವುದಿಲ್ಲ. "ಇಳಿದು" ಎಂಬ ರೂಪ ತನ್ನ ಕರ್ತೃವನ್ನು ಸಾಮಾನ್ಯವಾಗಿ ಕೊನೆಯ ಕ್ರಿಯಾಪದದ ಕರ್ತೃವಿನ ಜೊತೆ ಹಂಚಿಕೊಳ್ಳುತ್ತದೆ. ಕರ್ತೃ ಬೇರೆಯಾದರೆ "-ಆಗ", "-ಅರೆ", "ಕೂಡಲೇ", "-ಉತ್ತಲೇ", "-ಉದರಿಂದ" ಇವುಗಳಲ್ಲಿ ಒಂದನ್ನು ಹಿಡಿಯಬೇಕು: "ಬಸ್ಸಿನಿಂದ ಇಳಿಯುತ್ತಲೇ ಜೋರಾಗಿ ಮಳೆ ಬಂತು."

ಆದರೆ ಚುರುಕಾದ ಹುಡುಗನೊಬ್ಬ ಎದ್ದು ನಿಂತು "ಮಳೆ ಬಂದು ರಸ್ತೆ ಕುಸಿಯಿತು ಅಂತ ಪೇಪರಿನಲ್ಲೇ ಬರೀತಾರಲ್ಲ ಸಾರ್, ಅಲ್ಲಿ ಕರ್ತೃ ಬೇರೆ ಬೇರೆ ಅಲ್ವಾ?" ಎಂದು ಕೇಳುತ್ತಾನೆ. ಅವನು ಹೇಳುವುದು ಸರಿ. ಅಲ್ಲಿ ಬಂದ ಮಳೆಯೇ ರಸ್ತೆ ಕುಸಿಯಲು ಕಾರಣ. ಯಾರ ಇಚ್ಛೆಯೂ ಇಲ್ಲದೆ ಒಂದು ಸಂಗತಿ ಇನ್ನೊಂದನ್ನು ಎಳೆದು ತಂದಾಗ ಕನ್ನಡ ಈ ಸಡಿಲಿಕೆ ಕೊಡುತ್ತದೆ: ಗಾಳಿ ಬೀಸಿ ಮರ ಬಿತ್ತು, ಹೊಳೆ ಉಕ್ಕಿ ಗದ್ದೆ ಮುಳುಗಿತು. ಕಾಲ ಎಷ್ಟಾಯಿತು ಎಂದು ಹೇಳುವಾಗಲೂ ಅಷ್ಟೆ: "ಅಣ್ಣ ಮಿಲಿಟರಿಗೆ ಸೇರಿ ಮೂರು ವರ್ಷವಾಯಿತು", "ಹೂಮಳೆ ಬಂದು ಎಂಟು ಹತ್ತು ದಿನಕ್ಕೆ ಕಾಫಿ ಹೂ ಅರಳುತ್ತದೆ". ಬಸ್ಸಿನಿಂದ ನಾವು ಇಳಿದದ್ದು ಮಳೆಗೆ ಕಾರಣವಲ್ಲ, ಹಾಗಾಗಿ ಅಲ್ಲಿ ಸಡಿಲಿಕೆ ಇಲ್ಲ.

ಇದೇ ರೂಪದ ಇನ್ನೊಂದು ಗುಂಡಿ ನಿಷೇಧ. "ಅಜ್ಜ ಊಟ ಮಾಡಿ ಮಲಗಲಿಲ್ಲ." ಅಜ್ಜ ಉಂಡರೋ ಇಲ್ಲವೋ? ಉಂಡರು ಆದರೆ ಮಲಗಲಿಲ್ಲ ಎಂದೂ ಆಗುತ್ತದೆ, ಉಣ್ಣದೆ ಮಲಗಿದರು ಎಂದೂ ಆಗುತ್ತದೆ. ಕೊನೆಯ "ಇಲ್ಲ" ಹಿಂದಕ್ಕೆ ಕೈಚಾಚಿ "ಮಾಡಿ" ಎಂಬುದನ್ನೂ ಹಿಡಿಯಬಲ್ಲದು. ಮಾತಿನಲ್ಲಿ ದನಿಯ ಏರಿಳಿತ ಕಾಪಾಡುತ್ತದೆ, ಕಾಗದದಲ್ಲಿ ಅದಿಲ್ಲ. ಆದ್ದರಿಂದ ವಾಕ್ಯ "ಇಲ್ಲ" ಎಂದು ಮುಗಿಯುವಾಗ ಅದರ ಹಿಂದಿನ ಕೃದಂತವನ್ನು ಬಿಡಿಸಲು ಹೇಳಿ: "ಊಟ ಮಾಡಿದರೂ ಮಲಗಲಿಲ್ಲ" ಅಥವಾ "ಊಟ ಮಾಡದೆ ಮಲಗಿದರು".

ಸರಪಳಿಯ ಉದ್ದಕ್ಕೂ ಮಿತಿ ಬೇಕು. "ಎದ್ದು ಹಲ್ಲುಜ್ಜಿ ಸ್ನಾನ ಮಾಡಿ ತಿಂಡಿ ತಿಂದು ಚೀಲ ಹಾಕಿಕೊಂಡು ಕೊಡೆ ಹಿಡಿದು ಗೇಟಿನ ಹತ್ತಿರ ನಿಂತು ಬಸ್ಸು ಹತ್ತಿ..." ಒಂದು ವಾಕ್ಯಕ್ಕೆ ಮೂರು ಕೃದಂತ ಮಿತಿ ಎಂದಿಟ್ಟುಕೊಳ್ಳಿ. ನಾಲ್ಕನೆಯದು ಬಂದರೆ ಪೂರ್ಣವಿರಾಮ ಹಾಕಿ ಹೊಸ ವಾಕ್ಯ.

ಕರ್ತೃ ಎಲ್ಲಿ ಕೂರಬೇಕು

"ಅಪ್ಪ ರಾತ್ರಿ ತೋಟಕ್ಕೆ ಆನೆ ನುಗ್ಗಿ ಬಾಳೆಯನ್ನೆಲ್ಲ ತುಳಿದು ಹಾಕಿದ್ದರಿಂದ ಅರಣ್ಯ ಇಲಾಖೆಗೆ ಅರ್ಜಿ ಕೊಟ್ಟರು." ಅಪ್ಪನನ್ನು ಬಾಗಿಲಲ್ಲೇ ನಿಲ್ಲಿಸಿ, ಆನೆ ಬಂದುಹೋಗುವವರೆಗೂ ಕಾಯಿಸಿದಂತಾಯಿತು. ಉಪವಾಕ್ಯಕ್ಕೆ ಬೇರೆ ಕರ್ತೃ ಇದ್ದಾಗ ಪ್ರಧಾನ ವಾಕ್ಯದ ಕರ್ತೃವನ್ನು ಉಪವಾಕ್ಯ ಮುಗಿದ ಮೇಲೆ, ತನ್ನ ಕ್ರಿಯಾಪದದ ಹತ್ತಿರ ಇಡಿಸಿ: "ರಾತ್ರಿ ತೋಟಕ್ಕೆ ಆನೆ ನುಗ್ಗಿ ಬಾಳೆಯನ್ನೆಲ್ಲ ತುಳಿದು ಹಾಕಿದ್ದರಿಂದ ಅಪ್ಪ ಅರಣ್ಯ ಇಲಾಖೆಗೆ ಅರ್ಜಿ ಕೊಟ್ಟರು." ಎರಡರ ಕರ್ತೃವೂ ಒಂದೇ ಆದರೆ ಹೆಸರು ಒಮ್ಮೆ ಬಂದರೆ ಸಾಕು, ಮುಂದೆ ಬಂದರೂ ಸರಿ ನಡುವೆ ಬಂದರೂ ಸರಿ.

ಸರ್ವನಾಮದ ವಿಷಯದಲ್ಲಿ ಮಾತ್ರ ಎಚ್ಚರ. "ಅಣ್ಣ ಮನೆಗೆ ಬಂದಾಗ ಅವನು ಮಲಗಿದ್ದ" ಎಂದರೆ ಮಲಗಿದ್ದವನು ಅಣ್ಣ ಅಲ್ಲ, ಬೇರೆ ಯಾರೋ. ಯಾರು ಎಂದು ಹೆಸರು ಹೇಳದಿದ್ದರೆ ಓದುವವರು ಹಿಂದಿನ ಪುಟ ತಿರುವಬೇಕಾಗುತ್ತದೆ.

ಇಂಗ್ಲಿಷಿನಿಂದ ಬರುವ ಮೂರು ಕಾಟ

ಇಂಗ್ಲಿಷ್ ಮಾಧ್ಯಮದ ಮಕ್ಕಳಲ್ಲಿ ಇವು ಹೆಚ್ಚು. ಮೊದಲನೆಯದು "ಬಿಕಾಸ್" ಎಂಬುದನ್ನು "ಏಕೆಂದರೆ" ಎಂದು ಬದಲಾಯಿಸಿ ವಾಕ್ಯದ ತಲೆಗೆ ಕಟ್ಟುವುದು: "ಏಕೆಂದರೆ ಮಳೆ ಜೋರಾಗಿತ್ತು, ಜಿಲ್ಲಾಧಿಕಾರಿಗಳು ರಜೆ ಕೊಟ್ಟರು." ಕನ್ನಡದ "ಏಕೆಂದರೆ" ಹಿಂದೆ ಹೇಳಿ ಮುಗಿಸಿದ್ದಕ್ಕೆ ಕಾರಣ ಕೊಡುವ ಪದ. ಅದರ ಹಿಂದೆ ಏನೂ ಇಲ್ಲದಿದ್ದರೆ ಅದು ಯಾರಿಗೆ ಉತ್ತರ ಹೇಳಬೇಕು? ಕಾರಣವನ್ನು ಮುಂದಿಡಬೇಕಾದರೆ ಪ್ರತ್ಯಯವೇ ದಾರಿ: "ಮಳೆ ಜೋರಾಗಿದ್ದುದರಿಂದ ಜಿಲ್ಲಾಧಿಕಾರಿಗಳು ಶಾಲೆಗಳಿಗೆ ರಜೆ ಘೋಷಿಸಿದರು."

ಎರಡನೆಯದು "ಯಾವಾಗ ಮಳೆ ಬರುತ್ತದೆಯೋ ಆಗ ಕರೆಂಟು ಹೋಗುತ್ತದೆ". ಗಾದೆಯಂಥ ಒತ್ತು ಬೇಕಾದಾಗ "ಎಲ್ಲಿ... ಅಲ್ಲಿ", "ಯಾರು... ಅವರು" ಚೆನ್ನಾಗಿಯೇ ಕೇಳುತ್ತವೆ. ದಿನದ ಮಾತಿಗೆ ಇದು ಹಬ್ಬದ ಕುಪ್ಪಸ ತೊಟ್ಟು ಗೊಬ್ಬರ ಹೊತ್ತಂತೆ. "ಮಳೆ ಬಂದಾಗಲೆಲ್ಲ ಕರೆಂಟು ಹೋಗುತ್ತದೆ" ಸಾಕು.

ಮೂರನೆಯದು ಎರಡೆರಡು ಕೊಂಡಿ: "ಜ್ವರ ಬಂದಿದ್ದರಿಂದ ಆದ್ದರಿಂದ", "ಓದಿದರೂ ಆದರೆ", "ಏಕೆಂದರೆ ಹುಷಾರಿಲ್ಲದ ಕಾರಣದಿಂದ". ಒಂದು ವಾಕ್ಯಕ್ಕೆ ಒಂದು ಕಾರಣಸೂಚಕ, ಒಂದು ವಿರೋಧಸೂಚಕ. "ಒಂದು ವೇಳೆ ಬಂದರೆ" ಮಾತ್ರ ಇದಕ್ಕೆ ಹೊರತು, ಅದು ರೂಢಿಯಲ್ಲಿ ನೆಲೆಯಾಗಿದೆ.

ಇಂಗ್ಲಿಷನ್ನು ದೂರುತ್ತ ನಮ್ಮದೇ ಒಂದು ಕಾಟ ಮರೆಯಬಾರದು. ರಜಾ ಅರ್ಜಿಯಲ್ಲಿ "ಈ ಮೂಲಕ ತಮ್ಮಲ್ಲಿ ವಿನಂತಿಸಿಕೊಳ್ಳುವುದೇನೆಂದರೆ" ಎಂದು ಶುರುಮಾಡಿ, ನಾಲ್ಕು ಸಾಲು ದಾಟಿ "ಎಂದು ಕೇಳಿಕೊಳ್ಳುತ್ತೇನೆ" ಎಂದು ಮುಗಿಸುವುದು. ತಲೆಯಲ್ಲೂ ವಿನಂತಿ, ಬಾಲದಲ್ಲೂ ವಿನಂತಿ. "ಏನೆಂದರೆ" ಬಂದ ಮೇಲೆ ವಾಕ್ಯ ನೇರವಾಗಿ ಮುಗಿಯಬೇಕು. ಅದಕ್ಕಿಂತ ಒಳ್ಳೆಯದು ಅದನ್ನು ಬಿಟ್ಟೇಬಿಡುವುದು: "ನನಗೆ ಜ್ವರ ಬಂದಿದ್ದುದರಿಂದ ಸೋಮವಾರ ಮತ್ತು ಮಂಗಳವಾರ ಶಾಲೆಗೆ ಬರಲಾಗಲಿಲ್ಲ. ಆ ಎರಡು ದಿನದ ರಜೆ ಮಂಜೂರು ಮಾಡಬೇಕೆಂದು ಕೋರುತ್ತೇನೆ."

ಪಿರಿಯಡ್‌ನಲ್ಲಿ ಮಾಡಿಸುವ ಬಗೆ

ನಲವತ್ತು ನಿಮಿಷದ ಪಿರಿಯಡ್ ಎಂದುಕೊಳ್ಳಿ. ಹಿಂದಿನ ದಿನ ಇಪ್ಪತ್ತು ಚೀಟಿ ಕತ್ತರಿಸಿಡಿ, ಹತ್ತು ಜೋಡಿ. ಒಂದರಲ್ಲಿ "ಹಾರಂಗಿ ಜಲಾಶಯ ತುಂಬಿತು", ಇನ್ನೊಂದರಲ್ಲಿ "ಹೊಳೆಗೆ ನೀರು ಬಿಟ್ಟರು". ಒಂದರಲ್ಲಿ "ಹುತ್ತರಿ ಹಬ್ಬ ಬಂತು", ಇನ್ನೊಂದರಲ್ಲಿ "ಊರಿಗೆ ಎಲ್ಲರೂ ಬಂದರು". ಚೀಟಿಯಲ್ಲಿ ಕೊಂಡಿ ಇರಬಾರದು.

ಮೊದಲ ಹತ್ತು ನಿಮಿಷ ಬಾಯಲ್ಲೇ. ಇಬ್ಬಿಬ್ಬರು ಮಕ್ಕಳು ಚೀಟಿ ಹಿಡಿದು ಎರಡು ಸಂಗತಿಯನ್ನೂ ಒಂದೇ ಉಸಿರಿನಲ್ಲಿ ಹೇಳಲಿ. "ತುಂಬಿದ್ಮೇಲೆ", "ತುಂಬಿದ್ದಕ್ಕೆ", "ತುಂಬೋವಾಗ" ಏನೇ ಹೇಳಿದರೂ ತಿದ್ದಬೇಡಿ, ಬೋರ್ಡಿನ ಎಡಗಡೆ ಹಾಗೇ ಬರೆಯಿರಿ. ಮುಂದಿನ ಹತ್ತು ನಿಮಿಷ ಬಲಗಡೆ ಬರಹದ ರೂಪ: ತುಂಬಿದ ಮೇಲೆ, ತುಂಬಿದ್ದರಿಂದ, ತುಂಬುವಾಗ. ಆಡುಮಾತಿನ "ತುಂಬಿದ್ದಕ್ಕೆ" ಬರಹದಲ್ಲಿ ಕಾರಣಕ್ಕೆ ಬಂದಾಗ "ತುಂಬಿದ್ದರಿಂದ" ಆಗುತ್ತದೆ ಎಂಬುದು ಅವರ ಕಣ್ಣಿಗೇ ಬೀಳಲಿ. ಹದಿನೈದು ನಿಮಿಷ ನೋಟ್‌ಬುಕ್ಕಿನಲ್ಲಿ ಬರೆಯಲಿ. ಕೊನೆಯ ಐದು ನಿಮಿಷ ಹೆಬ್ಬೆರಳಿನ ಪರೀಕ್ಷೆ.

ಹೆಬ್ಬೆರಳಿನ ಪರೀಕ್ಷೆ ಹೀಗೆ: ಉಪವಾಕ್ಯವನ್ನು ಹೆಬ್ಬೆರಳಿನಿಂದ ಮುಚ್ಚಿ ಉಳಿದದ್ದನ್ನು ಓದಬೇಕು. ಅದು ತಾನೇ ನಿಲ್ಲಬೇಕು. ಆಮೇಲೆ ಉಪವಾಕ್ಯವನ್ನಷ್ಟೇ ಗಟ್ಟಿಯಾಗಿ ಓದಿ ನಿಲ್ಲಿಸಬೇಕು. ಪಕ್ಕದವನು "ಏನಾಯ್ತು?" ಎಂದು ಕೇಳುವಂತಿದ್ದರೆ ಸರಿ. ಬೆರಳಿಟ್ಟ ಮೇಲೆ ಏನೂ ಉಳಿಯದಿದ್ದರೆ ಅದು ಅರ್ಧ ವಾಕ್ಯ. "ಏಕೆ?" ಎಂಬ ಪ್ರಶ್ನೆಗೆ "ಒಂದು ವಾಕ್ಯದಲ್ಲಿ ಉತ್ತರಿಸಿ" ಎಂದಿದ್ದಾಗ ಇದು ಪದೇ ಪದೇ ಆಗುತ್ತದೆ: "ಕರಡಿ ಕಾಣಿಸಿಕೊಂಡುದರಿಂದ." ಮಾತಿನಲ್ಲಿ ಇದು ಪೂರ್ಣ ಉತ್ತರ, ಉತ್ತರಪತ್ರಿಕೆಯಲ್ಲಿ ಅಲ್ಲ. ಪ್ರಶ್ನೆಯ ಕ್ರಿಯಾಪದವನ್ನೇ ಬಾಲಕ್ಕೆ ಕಟ್ಟಲು ಹೇಳಿ: "ಕರಡಿ ಕಾಣಿಸಿಕೊಂಡುದರಿಂದ ಚಾರಣವನ್ನು ಅರ್ಧಕ್ಕೆ ನಿಲ್ಲಿಸಿದರು."

ಅಲ್ಪವಿರಾಮಕ್ಕೆ ದೊಡ್ಡ ನಿಯಮ ಬೇಡ. "ಮಳೆ ಬಂದರೆ ಹೋಗುವುದಿಲ್ಲ" ಎಂಬಂಥ ಚಿಕ್ಕ ವಾಕ್ಯಕ್ಕೆ ಅದು ಭಾರ. ಉಪವಾಕ್ಯ ಆರೇಳು ಪದ ದಾಟಿದರೆ, ಅಥವಾ ಅದರ ಕೊನೆಯ ಪದವೂ ಮುಂದಿನ ಪದವೂ ಅಂಟಿಕೊಂಡು ತಪ್ಪರ್ಥ ಬರುವಂತಿದ್ದರೆ ಹಾಕಿ.

ತಿದ್ದುವುದು, ಎಷ್ಟು ಸಾಕು ಎನ್ನುವುದು

ಮಗುವಿನ ವಾಕ್ಯವನ್ನು ನೀವೇ ಪೂರ್ತಿ ಬರೆದುಕೊಟ್ಟರೆ ಅದು ನಿಮ್ಮ ವಾಕ್ಯ. ಅಂಚಿನಲ್ಲಿ ಮೂರು ಗುರುತು ಸಾಕು: ಕರ್ತೃ ಹೊಂದದಿದ್ದರೆ "ಕ", ಬಾಲವಿಲ್ಲದ ಅರ್ಧ ವಾಕ್ಯಕ್ಕೆ "ಬಾ", ಕೊಂಡಿ ಎರಡಾಗಿದ್ದರೆ "೨". ಒಂದು ಪುಟಕ್ಕೆ ಒಂದೇ ಬಗೆಯ ತಪ್ಪನ್ನು ಹಿಡಿಯಿರಿ. ಮೂರೂ ಒಟ್ಟಿಗೆ ಗುರುತಿಸಿದರೆ ಪುಟ ಕೆಂಪಾಗುತ್ತದೆ, ಮಗು ಮತ್ತೆ ಸುರಕ್ಷಿತವಾದ ತುಂಡು ವಾಕ್ಯಗಳಿಗೆ ಓಡುತ್ತದೆ.

ಈ ಅಭ್ಯಾಸಕ್ಕೂ ಒಂದು ಜ್ವರ ಇದೆ. ಎರಡು ವಾರ ಕಳೆದ ಮೇಲೆ ಎಲ್ಲ ವಾಕ್ಯವೂ "-ಆಗ", "-ಆಗ" ಎಂದೇ ಶುರುವಾಗುತ್ತದೆ. ಹತ್ತು ವಾಕ್ಯದ ಪ್ಯಾರಾದಲ್ಲಿ ಉಪವಾಕ್ಯದಿಂದ ಶುರುವಾಗುವಂಥವು ಮೂರೋ ನಾಲ್ಕೋ ಇರಲಿ, ಒಂದೇ ಪ್ರತ್ಯಯ ಒಂದರ ಹಿಂದೆ ಒಂದು ಬಾರದಿರಲಿ.

ಮೊದಲಿನ ಕಾಫಿ ಕಣದ ಪ್ಯಾರಾವನ್ನು ಆ ಹುಡುಗಿಯ ಕೈಯಿಂದಲೇ ಮತ್ತೆ ಬರೆಸಿದರೆ ಸುಮಾರಾಗಿ ಹೀಗೆ ಬರುತ್ತದೆ:

"ನಾವು ಕಣದಲ್ಲಿ ಕಾಫಿ ಹರಡಿದ್ದೆವು. ಮಧ್ಯಾಹ್ನ ಮೋಡ ಕವಿಯುತ್ತಲೇ ಅಪ್ಪ ಟಾರ್ಪಾಲು ತಂದರು. ಮಳೆ ಬರುವ ಹೊತ್ತಿಗೆ ಎಲ್ಲವನ್ನೂ ರಾಶಿ ಮಾಡಿ ಮುಚ್ಚಿದ್ದೆವು. ಕಾಫಿ ನೆನೆಯಲಿಲ್ಲ."

ಏಳು ವಾಕ್ಯ ನಾಲ್ಕಾಯಿತು, "ಹರಡಿದೆವು" ಎಂಬುದು "ಹರಡಿದ್ದೆವು" ಆಯಿತು. ಕೊನೆಯ ಎರಡು ಪದದ ವಾಕ್ಯವನ್ನು "ಮುಚ್ಚಿದ್ದರಿಂದ" ಎಂದು ಹಿಂದಿನದಕ್ಕೆ ಹೊಲಿಯಲು ಅವಳು ಹೊರಟರೆ ತಡೆಯಿರಿ. ಅದು ಬಿಡಿಯಾಗಿಯೇ ಇರಲಿ.